ಕೆಳಗಿನ ದಾರ

ಎತ್ತಿ ಒಯ್ಯಬಹುದಾದ್ದು ಎಂದು
ಇದಕ್ಕೆ ಹೆಸರಿಟ್ಟವರು
ಬೇರೆ ಯಾರದೋ ತೋಳು ನಂಬಿದ್ದರು.
ಹನ್ನೊಂದು ಕಿಲೋ ಎರಕದ ಕಬ್ಬಿಣ,
ಬಾಗಿಸಿದ ಮರದ ಮುಚ್ಚಳ, ಮೇಲೊಂದು ಹಿಡಿ.
ಬ್ಯಾಲರಟ್ಟಿನ ಸ್ಟರ್ಟ್ ಬೀದಿಯ ಏರಿನಲ್ಲಿ
ಹತ್ತು ಹೆಜ್ಜೆಗೊಮ್ಮೆ ಕೈ ಬದಲಿಸಿದೆ.
ಬಸ್ಸಿನಲ್ಲಿ ಪಕ್ಕದ ಹುಡುಗ ಕೇಳಿದ:
ಒಳಗೆ ಬೆಕ್ಕಿದೆಯಾ?
ಇದೆ, ಅಂದೆ. ಮಲಗಿದೆ.

ಚರ್ಚಿನ ಹಳೇ ಸಾಮಾನಿನಂಗಡಿಯಲ್ಲಿ
ಇಸ್ತ್ರಿಪೆಟ್ಟಿಗೆ, ಟೋಸ್ಟರುಗಳ ಸಾಲಿನ ಕೊನೆಗೆ ಕೂತಿತ್ತು.
ಅವಕ್ಕೆಲ್ಲ ಪರೀಕ್ಷೆ ಪಾಸಾದ ಚೀಟಿ;
ಇದಕ್ಕಿಲ್ಲ. ವೈರೇ ಇಲ್ಲವಲ್ಲ.
ಓಡುತ್ತದೋ ಇಲ್ಲವೋ, ದೇವರೇ ಬಲ್ಲ,
ಎಂದಳು ಗಲ್ಲೆಯಲ್ಲಿದ್ದ ವಿನಿಫ್ರೆಡ್.
ಕೈಚಕ್ರಕ್ಕೆ ಬೆರಳು ತಾಗಿಸಿದಳು, ಅಷ್ಟೆ.
ಸೂಜಿ ಒಂದು ಸಲ ತಲೆಬಾಗಿ ಎದ್ದಿತು,
ಬಂದವರ ಗುರುತು ಹಿಡಿದ ಮುದುಕಿಯ ಹಾಗೆ.
ನಲವತ್ತು ಡಾಲರ್. ಚೌಕಾಸಿಗೆ ಬಾಯಿ ಬರಲಿಲ್ಲ.

ಮನೆಯಲ್ಲಿ ಮುಚ್ಚಳ ತೆಗೆದರೆ
ಎಣ್ಣೆ, ಸೀಮೆಸುಣ್ಣ, ಮಡಿಸಿಟ್ಟ ಉಣ್ಣೆಯ ವಾಸನೆ.
ಕಪ್ಪು ಮೈಮೇಲಿನ ಚಿನ್ನದ ಬಳ್ಳಿ
ಬಟ್ಟೆ ಜಾರಿ ಜಾರಿ ಒಂದು ಕಡೆ ಅಳಿಸಿ
ಕಬ್ಬಿಣವೇ ಬೆಳ್ಳಗೆ ಹೊಳೆಯುತ್ತಿದೆ.
ಎಷ್ಟು ಗಜ ಹಾದರೆ ಹೀಗೆ ಸವೆದೀತು,
ಲೆಕ್ಕ ಹಾಕಲು ಹೋಗಿ ಕೈಬಿಟ್ಟೆ.

ಲೆಕ್ಕ ಬರೆದವಳು ಬೇರೆ ಇದ್ದಾಳೆ.
ಸೂಜಿಡಬ್ಬಿಯ ಕೆಳಗೆ ಅಂಗೈಯಗಲದ ಪುಸ್ತಕ, ಪೆನ್ಸಿಲ್ ಅಕ್ಷರ:
ಶ್ರೀಮತಿ ಪಾಸ್ಕೋ, ಶಾಲೆಯಂಗಿ ಎರಡು. ಸಂದಿದೆ.
ನ್ಯಾನ್‌ಕಿವೆಲ್ ಹುಡುಗಿ, ಮದುವೆ ಲಂಗ
ಸೊಂಟದಲ್ಲಿ ಸಡಿಲ ಮಾಡಿದ್ದು. ಸಂದಿದೆ. ಯಾರಿಗೂ ಹೇಳಬಾರದು.
ಟ್ರೆಂಬಾತ್, ಪರದೆ ನಾಲ್ಕು, ಒಂಬತ್ತು ಶಿಲಿಂಗು. ಬಾಕಿ.
ಆಮೇಲೆ ತಿಂಗಳು ತಿಂಗಳೂ ಟ್ರೆಂಬಾತ್: ಬಾಕಿ. ಬಾಕಿ.
ಬರೆದವಳ ಹೆಸರು ಎಲ್ಲೂ ಇಲ್ಲ.
ತನ್ನ ಹೆಸರು ತನಗೇ ಯಾಕೆ ಬರೆದುಕೊಂಡಾಳು?

ನನಗೂ ಬೇಕಾದದ್ದು ಪರದೆಯೇ.
ವೃದ್ಧರ ವಾರ್ಡಿನ ರಾತ್ರಿಪಾಳಿ ಮುಗಿಸಿ ಬಂದವಳಿಗೆ
ಹಗಲನ್ನು ಹೊರಗೇ ನಿಲ್ಲಿಸುವ ದಪ್ಪ ಬಟ್ಟೆ.
ಮೇಲೆ ನನ್ನ ಕಪ್ಪು ದಾರ ಪೋಣಿಸಿದೆ.
ಕೆಳಗೆ, ತಗಡು ಸರಿಸಿ ನೋಡಿದರೆ,
ಬಾಬಿನ್ನಿನಲ್ಲಿ ಅವಳ ಹಸಿರು ದಾರ ಇನ್ನೂ ಅರ್ಧ ಉಳಿದಿತ್ತು.
ತೆಗೆಯಬೇಕು ಅಂದುಕೊಂಡೆ.
ತೆಗೆಯಲಿಲ್ಲ.

ಹೊಲಿಗೆಯೆಂದರೆ ಇಷ್ಟೇ:
ಮೇಲಿನದು ಇಳಿಯುತ್ತದೆ, ಕೆಳಗಿನದು ಕಾದಿರುತ್ತದೆ,
ಬಟ್ಟೆಯ ದಪ್ಪದೊಳಗೆ, ಯಾರಿಗೂ ಕಾಣದಲ್ಲಿ,
ಒಂದನ್ನೊಂದು ಸುತ್ತಿ ಬಿಡುತ್ತವೆ.
ಈ ಬದಿಗೆ ನಾನು ಮಾತ್ರ. ಆ ಬದಿಗೆ ಅವಳು ಮಾತ್ರ.

ಟಕಟಕ ಅಲ್ಲ ಇದರ ಸದ್ದು;
ಒಳಮನೆಯಲ್ಲಿ ಯಾರೋ ಅವರೆಕಾಯಿ ಬಿಡಿಸುತ್ತ
ಕಾಳು ಒಂದೊಂದೇ ತಟ್ಟೆಗೆ ಬಿದ್ದ ಹಾಗೆ.
ಕೈ ನಿಂತರೆ ಅದೂ ನಿಲ್ಲುತ್ತದೆ,
ಆ ಹೊಲಿಗೆಯಲ್ಲೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.
ವಾರ್ಡಿನ ಒಂದು ಯಂತ್ರವೂ
ಹೀಗೆ ನನ್ನ ಮಾತು ಕೇಳಿದ್ದಿಲ್ಲ.

ಮೂರನೆಯ ಪರದೆಯ ನಡುವೆ
ಸದ್ದು ಅದೇ, ಚಕ್ರ ಅದೇ,
ಬಟ್ಟೆ ಮುಂದೆ ಸರಿಯುತ್ತಲೇ ಇತ್ತು.
ಒಂದು ಮೊಳ ಕಳೆದ ಮೇಲೆ ಕಂಡಿತು:
ಹಸಿರು ಮುಗಿದಿತ್ತು.
ನನ್ನ ದಾರ ಎಳೆದರೆ ಸುಮ್ಮನೆ ಬಂತು.
ಉಳಿದದ್ದು ತೂತುಗಳ ಸಾಲು,
ಅವುಗಳಲ್ಲಿ ಮಧ್ಯಾಹ್ನದ ಬಿಸಿಲು
ಸೂಜಿಮೊನೆಯಷ್ಟು, ಸೂಜಿಮೊನೆಯಷ್ಟು.

ಬಾಬಿನ್ನಿಗೂ ಕಪ್ಪನ್ನೇ ಸುತ್ತಿ
ಉಳಿದದ್ದು ಮುಗಿಸಿದೆ. ತೂಗುಹಾಕಿದೆ. ಕತ್ತಲಾಯಿತು.
ಮಲಗುವ ಮುಂಚೆ ದೀಪ ಹಚ್ಚಿ,
ಟ್ರೆಂಬಾತರ ಕೆಳಗೆ, ಪೆನ್ಸಿಲ್ಲಿನಲ್ಲೇ
ನನ್ನ ಹೆಸರು ಬರೆದೆ.
ಎರಡೂವರೆ ಪರದೆಯಷ್ಟು ಹಸಿರು ದಾರ.
ಬಾಕಿ.