ತೂಕದ ಚೀಟಿ

ಜುಲೈ ತಿಂಗಳ ಮಂಗಳವಾರ,
ಬ್ರಾಕಲ್‌ಡೆನ್ ಪುರಸಭೆಯ ಹಿಂಬದಿ ಕೋಣೆ.
ಕಿಟಕಿ ತೆರೆಯುವುದಿಲ್ಲ; ಬಣ್ಣ ಬಳಿದು ಬಳಿದು ಅಂಟಿಹೋಗಿದೆ.
ವರುಷಕ್ಕೆ ಮೂವತ್ತು ದಿನ, ಕಾನೂನಿನಂತೆ,
ಊರಿನ ಯಾರು ಬೇಕಾದರೂ ಬಂದು
ಊರಿನ ಲೆಕ್ಕ ಬಿಚ್ಚಿ ನೋಡಬಹುದು.
ಹನ್ನೊಂದು ವರುಷದಲ್ಲಿ ಯಾರೂ ಬಂದಿರಲಿಲ್ಲ.
ಬಂದವಳು ಮಾವಿಸ್ ಎಂಟ್‌ವಿಸಲ್, ಎಪ್ಪತ್ತೆಂಟು,
ಶಾಲೆಯ ಮುಂದೆ ಮಕ್ಕಳಿಗೆ ರಸ್ತೆ ದಾಟಿಸುತ್ತಿದ್ದವಳು.
ಈಗಲೂ ಕೈಯೆತ್ತಿದರೆ ಲಾರಿ ನಿಲ್ಲುತ್ತದೆ.

ನನ್ನ ಕೆಲಸ ಎದುರಿಗೆ ಕೂತು
ಒಂದು ಹಾಳೆಯೂ ಅವಳ ಚೀಲ ಸೇರದಂತೆ ಕಾಯುವುದು.
"ಕೇಳಿದ್ದು ಕೊಡು. ಕೇಳದ್ದು ಹೇಳಬೇಡ,"
ಅಂದಿದ್ದರು ಮೇಲಿನವರು, ಬಿಸ್ಕತ್ತು ಮುರಿಯುತ್ತ.

ಅವಳು ಕೇಳಿದ್ದು ಉಪ್ಪಿನ ಬಿಲ್ಲು.
ಅಡುಗೆಯದಲ್ಲ; ಚಳಿಗಾಲದ ರಾತ್ರಿ ಮಂಜುಗಟ್ಟದಂತೆ
ರಸ್ತೆಗೆ ಎರಚುವ ಕಂದು ಹರಳುಪ್ಪು.
ಗುತ್ತಿಗೆದಾರ ಕೌನ್ಸಿಲರೊಬ್ಬರ ಷಡ್ಡಕ.
ಇದು ಯಾವ ಕಡತದಲ್ಲೂ ಇಲ್ಲ. ಊರು ಚಿಕ್ಕದು.

ಒಂದು ಕಡೆ ನಮ್ಮ ಬಿಲ್ಲಿನ ಕಟ್ಟು,
ಇನ್ನೊಂದು ಕಡೆ ಅವಳ ಚೌಕುಳಿ ನೋಟ್‌ಬುಕ್ಕು:
ಅಡುಗೆಮನೆ ಕಿಟಕಿಯ ಉಷ್ಣಮಾಪಕವನ್ನು
ಮೂವತ್ತೊಂದು ವರುಷ, ದಿನಾ ಬೆಳಿಗ್ಗೆ ಆರಕ್ಕೆ ನೋಡಿ ಬರೆದದ್ದು.
ಯಾಕೆ ಅಂದರೆ, "ಬೇರೆ ಯಾರೂ ಬರೀತಿರಲಿಲ್ಲ."

ಜನವರಿ ಒಂಬತ್ತು. ಬಿಲ್ಲು: ಇಪ್ಪತ್ತೆರಡು ಟನ್ನು, ಎಲ್ಲ ರಸ್ತೆಗೂ.
ನೋಟ್‌ಬುಕ್ಕು: ಹನ್ನೊಂದು ಡಿಗ್ರಿ. ತುಂತುರು. ಬಟ್ಟೆ ಒಣಗಲಿಲ್ಲ.
ಜನವರಿ ಹತ್ತು. ಬಿಲ್ಲು: ಇಪ್ಪತ್ತೆರಡು ಟನ್ನು.
ನೋಟ್‌ಬುಕ್ಕು: ಹನ್ನೆರಡು. ಒಂದು ಜೇನು, ದಾರಿ ತಪ್ಪಿದ್ದು.
ಫೆಬ್ರವರಿ ಮೂರು. ಬಿಲ್ಲು: ಮಿಲ್ ಬ್ರೌ ಏರಿಗೆ ಎರಡು ಸಲ.
ನೋಟ್‌ಬುಕ್ಕು: ಸೊನ್ನೆಗಿಂತ ಆರು ಕೆಳಗೆ. ಮಿಲ್ ಬ್ರೌ ಬರೀ ಗಾಜು.
ಆರ್ನಲ್ಡ್ ಬಿದ್ದ.
ಅದರ ಕೆಳಗೆ ಒಂಬತ್ತು ದಿನ ಅಂಕಿ ಮಾತ್ರ,
ಆಮೇಲೆ ಒಂದು ದಿನ ಅಂಕಿಯೂ ಇಲ್ಲ.

ಮೂರೂ ಬಿಲ್ಲಿನ ಮೂಲೆಯಲ್ಲಿ
"ಪರಿಶೀಲಿಸಿದೆ" ಎಂಬ ನೀಲಿ ಮೊಹರು,
ಕೆಳಗೆ ಎರಡಕ್ಷರದ ರುಜು. ನನ್ನದೇ.
ಏನು ಪರಿಶೀಲಿಸಿದ್ದೆ? ಮೊತ್ತ ಸರಿಯಿತ್ತು.
ಕೂಡುವುದರಲ್ಲಿ ನಾನು ಎಂದೂ ತಪ್ಪಿದವಳಲ್ಲ.

ಮಧ್ಯಾಹ್ನ ಅವಳು ಡಬ್ಬಿ ತೆಗೆದಳು.
ಬೇಯಿಸಿದ ಮೊಟ್ಟೆ, ಕಾಗದದ ಪೊಟ್ಟಣದಲ್ಲಿ ಉಪ್ಪು.
ಅರ್ಧ ಮಾಡಿ, ಉದುರಿಸಿ, ನನ್ನತ್ತ ತಳ್ಳಿದಳು, ಬೇಕೇ ಎಂದು ಕೇಳದೆ.
ತಿಂದೆ.

ಉಂಡ ಮನೆಗೆ ಎರಡು ಬಗೆಯಬೇಡ:
ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಅಳೆಯುತ್ತಿದ್ದ ಅಜ್ಜಿಯ ಮಾತು.
ಸರಿ ಅಜ್ಜಿ. ಆದರೆ ಉಂಡ ಮನೆ ಯಾವುದು?
ತಿಂಗಳಿಗೊಮ್ಮೆ ಸಂಬಳ ಹಾಕುವ ಈ ಕಲ್ಲುಕಟ್ಟಡವೋ,
ಆ ಸಂಬಳಕ್ಕೆ ತನ್ನ ಪಿಂಚಣಿಯಲ್ಲಿ ತೆರಿಗೆ ಕಟ್ಟುವ
ಈ ಪೊಟ್ಟಣದವಳೋ?
ಅಜ್ಜಿಯ ಕೊಳಗದಲ್ಲಿ ಇದಕ್ಕೆ ಅಳತೆ ಇರಲಿಲ್ಲ.

ನಾಲ್ಕೂವರೆಗೆ ಅವಳು ಕನ್ನಡಕ ಮಡಿಸಿದಳು.
"ಚಳಿ ಇರಲಿಲ್ಲ ಅಂತ ನನ್ನ ಪುಸ್ತಕ ಹೇಳುತ್ತೆ.
ಮುದುಕಿಯ ಪುಸ್ತಕ, ಅಂತಾರೆ ಅವರು."
ಕಟ್ಟಿಗೆ ದಾರ ಸುತ್ತುತ್ತ ನಾನೆಂದೆ,
ದಾರಕ್ಕೆ ಹೇಳಿದ ಹಾಗೆ:
"ಉಗ್ರಾಣ ಬಿಡುವ ಪ್ರತಿ ಲಾರಿಗೂ ತೂಕದ ಚೀಟಿ ಇರುತ್ತದೆ.
ಬರೆದು ಕೇಳಬೇಕು.
ಕೇಳಿದರೆ ತೋರಿಸಲೇಬೇಕು."

ಮಾವಿಸ್ ತಲೆಯೆತ್ತಲಿಲ್ಲ.
ಆ ದಿನದ ಪುಟದಲ್ಲಿ, ಹತ್ತೊಂಬತ್ತು ಡಿಗ್ರಿಯ ಕೆಳಗೆ,
ನಿಧಾನವಾಗಿ ಬರೆದುಕೊಂಡಳು.
ನನ್ನ ಹೆಸರು ಬರೆಯಲಿಲ್ಲ. ಇಣುಕಿ ನೋಡಿದೆ.

ಇನ್ನು ಹದಿನಾಲ್ಕು ದಿನ ಉಳಿದಿವೆ.
ಅವಳ ಕಾಗದ ನನ್ನ ಮೇಜಿಗೇ ಬರುತ್ತದೆ,
"ಸ್ವೀಕರಿಸಿದೆ" ಎಂದು ಒತ್ತುವವಳು ನಾನೇ,
ಚೀಟಿ ಹುಡುಕಲು ಹೋಗುವವಳೂ,
ಇರದಿದ್ದರೆ ಇಲ್ಲವೆಂದು ಬರೆಯಬೇಕಾದವಳೂ.

ಮನೆಗೆ ಮಿಲ್ ಬ್ರೌ ಏರಿ ನಡೆದೆ.
ತಿರುವಿನ ಹಳದಿ ಉಪ್ಪಿನ ಪೆಟ್ಟಿಗೆಯ ಮುಚ್ಚಳ
ಮೊದಲ ಬಾರಿಗೆ ಎತ್ತಿ ನೋಡಿದೆ.
ಒಂದು ಚಿಪ್ಸ್ ಪೊಟ್ಟಣ. ಗಂಡಸಿನದೊಂದು ಕೈಗವಸು.
ಯಾಕೋ ತುಂಬ ಬಾಯಾರಿತ್ತು.