ಸೆಡವು

ಧಾರವಾಡದಿಂದ ತರಿಸಿದ ಮಾದರಿಗಳ ಪೆಟ್ಟಿಗೆಯಲ್ಲಿ
ಕಾರ್ಬನ್ನು ಒಂದು ಕರಿ ಗುಂಡು, ಮೈಗೆ ನಾಲ್ಕು ತೂತು.
ಯಾವ ಎರಡರ ನಡುವೆ ಅಳೆದರೂ
ನೂರಾ ಒಂಬತ್ತೂವರೆ ಡಿಗ್ರಿ.
ಕಾರ್ಬನ್ನು ಹಾಯಾಗಿ ಕೈಕಾಲು ಚಾಚಲು
ಬೇಕಾದ ಜಾಗ ಅಷ್ಟು.

ಕ್ಯೂಬೇನ್ ಪಾಠದ ದಿನ ಕಡ್ಡಿ ಸೇರಲಿಲ್ಲ.
ಆರನೇ ಗುಂಡಿಗೆ ಬರುವಷ್ಟರಲ್ಲಿ
ಒಂದು ಟಣ್ಣನೆ ಹಾರಿ ಸಿಂಕಿನ ಕೆಳಗೆ ಉರುಳಿತು,
ಹುಡುಗರು ನಕ್ಕರು.
ಬೋರ್ಡಿನ ಮೇಲೆ ಚೌಕದ ಹಿಂದೊಂದು ಚೌಕ ಬರೆದು
ಮೂಲೆಗೆ ಮೂಲೆ ಗೆರೆ ಎಳೆದು
ಗಂಟೆ ಮುಗಿಸಿದೆ.

ಮರುದಿನ ಶಾಕಾಂಬರಿ ಓಢಣಿಯಲ್ಲಿ ಮುಚ್ಚಿ ತಂದಳು,
ಕೋಳಿಮರಿ ತಂದ ಹಾಗೆ.
ಜೋಳದ ದಂಟಿನ ಎಂಟು ಬೆಂಡು, ಹನ್ನೆರಡು ಸಿಬರು,
ಮೂಲೆಗೊಂದು ಕಾಳು, ಅದು ಹೈಡ್ರೋಜನ್.
ಚಿಕ್ಕಂದಿನಲ್ಲಿ ದಂಟು ಸೀಳಿ ಬಂಡಿ ಕಟ್ಟಿದ ಕೈ;
ಹೆಬ್ಬೆರಳಲ್ಲಿ ಸಿಬರು ಕೊಯ್ದ ಗೀರು ಇನ್ನೂ ಹಸಿ.

ಘನವೇನೋ ಹೌದು, ನೆಟ್ಟಗಿರಲಿಲ್ಲ.
ಪ್ರತಿ ಅಂಚೂ ಹೊರಗೆ ಬಾಗಿತ್ತು
ಹತ್ತಿ ತುರುಕಿದ ಚೀಲದ ಹಾಗೆ.
ಯಾಕೆ, ಎಂದೆ.
"ತೂತು ನಾ ಸುಳ್ಳು ಹಾಕಿಲ್ರಿ ಮೇಡಮ್.
ತೊಂಬತ್ತಕ್ಕ ಚುಚ್ಚಿದ್ರ ಸರಳ ಕೂಡತಿತ್ತು,
ಬರೇ ಪೆಟ್ಟಿಗಿ ಆಗತಿತ್ತು.
ನೂರಾ ಒಂಬತ್ತೂವರಿಗೆ ಚುಚ್ಚಿ
ತೊಂಬತ್ತಕ್ಕ ಎಳದೀನಿ.
ಕೈಯಾಗ ಹಿಡದು ನೋಡ್ರಿ,
ಸೆಡವು ಗೊತ್ತಾಕ್ಕೈತಿ."

ಸೆಡವು.
ಸ್ಟ್ರೇನ್ ಎಂಬುದಕ್ಕೆ ನಾನು ತಿರುವಿದ ಪದಕೋಶಗಳೆಲ್ಲ
ವಿಕೃತಿ ಎಂದಿದ್ದವು, ತುಯ್ತ ಎಂದಿದ್ದವು.
ಬೇಡದ ಕೋನದಲ್ಲಿ ಕೂತವರು
ಬಾಯಿ ಬಿಡದೆ ಇಟ್ಟುಕೊಂಡದ್ದಕ್ಕೆ
ಗುಳೇದಗುಡ್ಡದಲ್ಲಿ ಹೆಸರಿತ್ತು.

"ಇಷ್ಟು ಸೆಡವಿದ್ರ ಒಡದು ಹೋಗಬೇಕಲ್ರಿ ಅದು?"
ಹೋಗುವುದಿಲ್ಲ.
ಒಂದು ಬಂಧ ಕಡಿದರೆ ಉಳಿದ ಹನ್ನೊಂದು ಹಿಡಿದಿರುತ್ತವೆ.
ಕಡಿದ ತುದಿಗಳಿಗೆ ಹೋಗಲು ಜಾಗವಿಲ್ಲ,
ಇನ್ನೂ ಅಲ್ಲೇ, ಮುಖಕ್ಕೆ ಮುಖ.
ಮಾಳಿಗೆ ಎತ್ತರದ್ದೇ,
ಏಣಿಯನ್ನು ಮಾತ್ರ ಯಾರೋ ಒಯ್ದಿದ್ದಾರೆ.
ಕುದಿವ ನೀರಿಗೂ ಜಗ್ಗದು,
ಇನ್ನೂರು ಡಿಗ್ರಿ ದಾಟಬೇಕು.

ಅವಳು ನಕ್ಕಳು. "ನಮ್ಮನಿಗೆ ಬರ್ರಿ ಒಮ್ಮೆ."

ಎರಡೂವರೆ ಅಂಕಣ, ಒಂದು ಕುಣಿಮಗ್ಗ, ನಾಲ್ವರು ಅತ್ತೆಯರು.
ಒಂದು ಬೋರಮಾಳದ ಲೆಕ್ಕಕ್ಕೆ
ಹನ್ನೊಂದು ವರ್ಷದಿಂದ ಮಾತಿಲ್ಲ.
ಕಂಡಿಕೆ ಸುತ್ತುವವಳು ಹಿಂದೆ ಸರಿದರೆ
ಅವಳ ಮೊಣಕೈ ರೊಟ್ಟಿ ಬಡಿಯುವವಳಿಗೆ,
ಅವಳು ಜರುಗಿದರೆ ಇವಳ ಬೆನ್ನಿಗೆ ಗೋಡೆ.
ಹೊರಗೆ ಹೊರಟವಳು
ಮತ್ತೊಬ್ಬಳನ್ನು ಒಳಗೆ ತಳ್ಳುತ್ತಿದ್ದಳು.
ಲಾಳಿ ಓಡುತ್ತಿತ್ತು. ಖಣ ಬೆಳೆಯುತ್ತಿತ್ತು, ಗೇಣು ಗೇಣು.

ಟೆಟ್ರಾಹೆಡ್ರೇನ್ ನೆನಪಾಯಿತು: ನಾಲ್ಕೇ ಕಾರ್ಬನ್,
ಅರವತ್ತು ಡಿಗ್ರಿಯ ಇಕ್ಕಟ್ಟು.
ಬರಿಮೈಯಲ್ಲಿ ಅದನ್ನು ಯಾರೂ ಹಿಡಿದಿಟ್ಟಿಲ್ಲ.
ಮೂಲೆಗೊಂದು ದಪ್ಪನೆಯ ಗುಂಪು ಕೂರಿಸಿದರೆ ನಿಲ್ಲುತ್ತದೆ,
ಬಿಡಿಸಿಕೊಳ್ಳಲು ಹೋದಾಗಲೆಲ್ಲ
ಹೊರಗಿನ ಮೈಗಳು ಡಿಕ್ಕಿ ಹೊಡೆದು
ಮತ್ತೆ ಒಳಕ್ಕೆ.
ಚಹಾ ಬಂತು. ನಾಲ್ಕು ಕಡೆಯಿಂದ ನಾಲ್ಕು ಕಪ್ಪು.
ನಾಲ್ಕೂ ಕುಡಿದೆ.

ಘನ ಲ್ಯಾಬಿನ ಕಿಟಕಿಯಲ್ಲಿ ಮಾರ್ಚ್ ಕಳೆಯಿತು,
ಎಪ್ರಿಲ್ಲಿನ ಬಿಸಿಲು ತಿಂದಿತು.
ಪರೀಕ್ಷೆ ಮುಗಿದ ಮೇಲೆ ಕಪಾಟು ತೆರವು ಮಾಡುತ್ತ
ಒಂದು ಸಿಬರು ಎಳೆದೆ, ಕೈ ಜೋಪಾನ ಮಾಡಿಕೊಂಡು.
ಚಿಮ್ಮಲಿಲ್ಲ.
ಬೆಂಡಿನಿಂದ ಬಂದ ಮೇಲೂ ಬಾಗಿಯೇ ಇತ್ತು.
ಹನ್ನೆರಡೂ.

ಕಾರ್ಬನ್ನಿಗೆ ಹೀಗಾಗುವುದಿಲ್ಲ.
ಬಾಟಲಿಯಲ್ಲಿ ನೂರು ವರ್ಷ ಇಟ್ಟರೂ
ಅದರ ಸೆಡವು ಮೊದಲ ದಿನದಷ್ಟೇ.
ತೊಂಬತ್ತು ಅದಕ್ಕೆ ಎಂದೂ ಒಗ್ಗುವುದಿಲ್ಲ.

ಅಂಕಪಟ್ಟಿಗೆ ಬಂದ ಶಾಕಾಂಬರಿಗೆ ತೋರಿಸಿದೆ.
ಒಂದನ್ನು ಬೆಳಕಿಗೆ ಹಿಡಿದಳು.
"ರೂಢಿ ಆಗೇತ್ರಿ ಇವಕ್ಕ," ಎಂದು
ಬೀಕರಿನಲ್ಲಿ ನೀರು ತುಂಬಿ ಹನ್ನೆರಡನ್ನೂ ಮುಳುಗಿಸಿ
ಮೇಲೊಂದು ಗಾಜಿನ ತಟ್ಟೆ ಹೇರಿ
ಬಸ್ಸಿಗೆ ಓಡಿದಳು.

ಬೆಳಿಗ್ಗೆ ಬಾಗಿಲು ತೆಗೆದಾಗ
ಐದು ನೆಟ್ಟಗಾಗಿದ್ದವು.
ಉಳಿದ ಏಳಕ್ಕೆ
ನೀರು ಬದಲಿಸಿದೆ.