ಹಿಂದಿನ ಎಡಗಡೆಯದು

ಮೊಯ್ದು ಕಾಕನ ಅಂಗಡಿಯಲ್ಲಿ ಹೆಲಿಕಾಪ್ಟರ್ ಒಂದಿದೆ.
ಗೋಣಿಕೊಪ್ಪದಲ್ಲಿ ಸ್ಪೀಕರ್ ಕೇಳಿ ಬಂದವರಿಗೆಲ್ಲ
ಅದನ್ನೇ ಹಾರಿಸುತ್ತಾನೆ:
ಬಲಗಿವಿಯಿಂದ ಎದ್ದು, ನೆತ್ತಿಯ ಮೇಲೆ ಹಾದು,
ಬೆನ್ನ ಹಿಂದೆಲ್ಲೋ ರಟ್ಟಿನ ಡಬ್ಬಗಳ ನಡುವೆ ಇಳಿಯುತ್ತದೆ.
ಬಂದವರು ತಿರುಗಿ ನೋಡಿದರೆ
ವ್ಯಾಪಾರ ಕುದುರಿತೆಂದೇ ಲೆಕ್ಕ.

ನಾನು ತಿರುಗಲಿಲ್ಲ.
'ಕಾಕಾ, ನನ್ನ ಕೆಲಸದಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ,
ನನ್ನದು ಮದುವೆ. ವಾಲಗ ಹಾಕಿ ತೋರಿಸು' ಎಂದು
ಜೇಬಿನ ಪೆನ್‌ಡ್ರೈವ್ ಕೊಟ್ಟೆ.

ಎರಡು ಡಬ್ಬ, ಒಂದು ಗುಡುಗುಪೆಟ್ಟಿಗೆ: ಮೂರು ಸಾವಿರದ ಇನ್ನೂರು.
ಡೋಲು ಎದೆಗೇ ಬಡಿಯಿತು; ಕೊಂಬು ಎಲ್ಲೋ ಕಂಬಳಿ ಹೊದ್ದು ಮಲಗಿತ್ತು.
ಇನ್ನೊಂದರಲ್ಲಿ ಕೊಂಬು ಎದ್ದಿತು, ಜನರ ಮಾತೆಲ್ಲ ತಗಡಾಯಿತು.
ಮೂರನೆಯದಕ್ಕೆ ನೀಲಿ ದೀಪ.
'ದೀಪಕ್ಕೆಷ್ಟು, ಸದ್ದಿಗೆಷ್ಟು?' ಎಂದರೆ
ಕಾಕ ನಕ್ಕು, ಅಟ್ಟದಿಂದ
ಧೂಳು ಒರೆಸಿ ಐದರ ಸೆಟ್ಟು ಇಳಿಸಿದ.

ಐದರಲ್ಲಿ ಬಿಟ್ಟಂಗಾಲದ ಅಂಗಳ ತಂತಾನೇ ಬಿಚ್ಚಿಕೊಂಡಿತು.
ಬಾವಿಯಿಂದ ನೀರು ಹೊತ್ತು ಬರುವ ಮದುಮಗಳು,
ಅವಳ ದಾರಿಗೆ ಅಡ್ಡ ಕುಣಿಯುವ ಗಂಡಿನ ಕಡೆಯವರು,
ಬೂಟು ಇತ್ತ, ಬಳೆ ಅತ್ತ,
ನಡುವೆ ಅವಳ ತಲೆಯ ಮೇಲಿನ ಕೊಡದಲ್ಲಿ
ನೀರು ತುಳುಕಿದ್ದು ಕೂಡ ಕೇಳಿದಂತಾಯಿತು.
(ಕೇಳಿರಲಾರದು. ಆದರೂ ಏಳು ಸಾವಿರ ಎಣಿಸಿದೆ.)
'ಎರಡು ದಿನದೊಳಗೆ ತಂದರೆ ಬದಲಿಸಿ ಕೊಡುವೆ' ಎಂದ ಕಾಕ.

ಮನೆಯೆಂದರೆ ಪೊನ್ನಂಪೇಟೆ ರಸ್ತೆಯಲ್ಲಿ
ಟಯರ್ ಅಂಗಡಿಯ ಮೇಲಿನ ಒಂದೂವರೆ ಕೋಣೆ.
ಕಂಪ್ಯೂಟರಿನ ಎಡಬಲಕ್ಕೆ ಎರಡು, ನಡುವಿನದು ಪರದೆಯ ಕೆಳಗೆ,
ಹಿಂದಿನ ಬಲದ್ದು ಸುಗುಣಳ ಹೊಲಿಗೆಯಂತ್ರದ ಮೇಲೆ.
ಹಿಂದಿನ ಎಡಗಡೆಯದಕ್ಕೆ ಗೋಡೆಯೇ ಇಲ್ಲ,
ಅಲ್ಲಿ ಅಡುಗೆಮನೆಯ ಬಾಗಿಲು.
ತಂತಿ ಬಂದಷ್ಟೂ ಎಳೆದು
ಅಕ್ಕಿ ಡಬ್ಬದ ಮೇಲೆ ಕೂರಿಸಿದೆ.

ಹಾಗಾಗಿ ಮದುವೆಗಳಲ್ಲಿ ನನಗೆ ನಾಲ್ಕು ಪಾಲು,
ಸುಗುಣಳಿಗೆ ಒಂದು.
ನನಗೆ ಮುಹೂರ್ತ; ಅವಳಿಗೆ ಕೆಮ್ಮು, ಕುರ್ಚಿ ಎಳೆದದ್ದು,
ಮಗುವೊಂದರ ಹಠ, ತಟ್ಟೆ ಬಿದ್ದದ್ದು.
'ನಿಮ್ಮ ಐದನೆಯವನಿಗೆ ಮದುವೆಯ ಮೇಲೆ ಗಮನವೇ ಇಲ್ಲ' ಎಂದು
ರೊಟ್ಟಿ ತಟ್ಟುತ್ತಲೇ ದೂರು.

ಎರಡನೆಯ ದಿನ ಸಂಜೆ
ನೀರು ಹೊರುವ ಭಾಗಕ್ಕೆ ಸಿನಿಮಾ ಹಾಡು ಹಚ್ಚುತ್ತಿದ್ದೆ,
ಗಂಡಿನ ಅಕ್ಕನೇ ಆರಿಸಿ ಕಳಿಸಿದ್ದು.
ಸುಗುಣ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.
'ಯಾರೋ ನಿಮ್ಮನ್ನು ವಿಚಾರಿಸುತ್ತಿದ್ದಾರೆ.'
'ಯಾರು?'
'ಅಕ್ಕಿ ಡಬ್ಬದಲ್ಲಿ. ಒಬ್ಬ ಅಜ್ಜಿ.'

ಹಾಡು ತೆಗೆದೆ. ಹಿಂದಕ್ಕೆ ಓಡಿಸಿದೆ.
ಇಬ್ಬರೂ ಅಕ್ಕಿ ಡಬ್ಬಕ್ಕೆ ಕಿವಿಕೊಟ್ಟು ಬಗ್ಗಿದೆವು.
ಡೋಲಿನ ಎರಡು ಪೆಟ್ಟುಗಳ ಸಂದಿನಲ್ಲಿ
ಅವಸರವಿಲ್ಲದ ದನಿ:
'ಆ ಕ್ಯಾಮರಾದ ಹುಡುಗ ಬೆಳಗಿಂದ ನಿಂತೇ ಇದ್ದಾನಲ್ಲ,
ಉಂಡನೋ ಇಲ್ಲವೋ, ಯಾರಾದರೂ ಕೇಳಿದಿರಾ?'

ಯಾರೂ ಉತ್ತರಿಸಲಿಲ್ಲ. ಡೋಲು ಮುಚ್ಚಿಕೊಂಡಿತು.
ಪರದೆಯ ತುಂಬ ಹುಡುಕಿದರೆ ಮದುಮಗಳೇ ಮದುಮಗಳು;
ಅಜ್ಜಿ ನನ್ನ ಬೆನ್ನ ಹಿಂದೆಯೇ ಇದ್ದಿರಬೇಕು.

'ಹುಡುಗನಂತೆ! ನಲವತ್ತೊಂದಕ್ಕೆ!' ಸುಗುಣ ನಕ್ಕಳು.
ಆಮೇಲೆ ಸೀಯುವ ರೊಟ್ಟಿಯ ಕಡೆ ಓಡುತ್ತ ಕೇಳಿದಳು,
'ಉಂಡಿದ್ರಾ ಅವತ್ತು?'

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಬಿಟ್ಟಂಗಾಲದವರಿಗೆ ಮೊನ್ನೆ ಕೊಟ್ಟಾಯಿತು.
ಹಾಡು ಅವರು ಹೇಳಿದಲ್ಲೇ ಇದೆ, ಆರೇಳು ಸೆಕೆಂಡು ಬಿಟ್ಟು.
ಅವರು ನೋಡುವುದು ಫೋನಿನಲ್ಲಿ. ಅದಕ್ಕಿರುವುದು ಒಂದೇ ಬಾಯಿ.
ಗಂಡಿನ ಅಕ್ಕ ಕರೆ ಮಾಡಿ
'ಅಲ್ಲೇನೋ ಹಾಡು ಕಟ್ ಆಗಿದೆಯಲ್ಲ' ಎಂದಳು.
ಹೌದು, ಸರಿ ಮಾಡಿ ಕೊಡುತ್ತೇನೆ ಎಂದೆ.
ಇನ್ನೂ ಮಾಡಿಲ್ಲ.